ಅವಳನ್ನು ಒಂದು ಮಾತು ಕೇಳಿದೆಯಾ?

ಪ್ರೀತಿಯ ಗೆಳೆಯಾ,

ಮೊನ್ನೆ ನಿನ್ನ ಹೆಂಡತಿಯ ಬಗ್ಗೆ ನೀನು ಕಳಿಸಿದ ವಾಯ್ಸ್ ಮೆಸೇಜನ್ನು ಎರಡು ಸಲ ಕೇಳಿದೆ. "ಆರು ವರ್ಷದಿಂದ ಮನೇಲಿದ್ದಾಳೆ. ಈಗ ಮತ್ತೆ ಕೆಲಸಕ್ಕೆ ಹೋಗ್ತೀನಿ ಅಂತಿದ್ದಾಳೆ. ಸಾಫ್ಟ್‌ವೇರ್ ಟೆಸ್ಟಿಂಗ್ ಎಲ್ಲಾ ಮರೆತಿರ್ತಾಳೆ. ನಿಮ್ಮ ಕಡೆ ಯಾವುದಾದ್ರೂ ಸಣ್ಣ ಕೆಲಸ ಇದ್ರೆ ನೋಡು, ಜಾಸ್ತಿ ಟೆನ್ಶನ್ ಇಲ್ಲದ್ದು." ಉತ್ತರ ಟೈಪ್ ಮಾಡಲು ಕೂತೆ, ಅಳಿಸಿದೆ. ಮತ್ತೆ ಬರೆದೆ, ಮತ್ತೆ ಅಳಿಸಿದೆ. ನಾಲ್ಕು ಸಾಲಿನಲ್ಲಿ ಮುಗಿಯುವ ಮಾತಲ್ಲ ಇದು. ಅದಕ್ಕೇ ಹಾಸನದ ಕಾಲೇಜು ದಿನಗಳ ಬೇಸಿಗೆ ರಜೆಯಲ್ಲಿ ಬರೆಯುತ್ತಿದ್ದ ಹಾಗೆ ಪತ್ರ ಬರೆಯುತ್ತಿದ್ದೇನೆ. ಹೆಸರು ಬಿಟ್ಟು ಎಲ್ಲರೂ ಓದುವ ಹಾಗೆ ಹಾಕಲು ನೀವಿಬ್ಬರೂ ಒಪ್ಪಿದ್ದೀರಿ. ಒಳ್ಳೆಯದಾಯಿತು. ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಇದೇ ಮಾತು ನಡೆಯುತ್ತಿದೆ.

ನೀನು ಅವಳ ಮೇಲಿನ ಕಾಳಜಿಯಿಂದಲೇ ಹಾಗೆ ಹೇಳಿದ್ದು ಎಂದು ನನಗೆ ಗೊತ್ತು. ಅದೇ ನನ್ನನ್ನು ಜಾಸ್ತಿ ತಟ್ಟಿದ್ದು. ಯಾಕೆ ಅಂತ ಹೇಳುತ್ತೇನೆ.

ನಮ್ಮ ಮಗ ಹುಟ್ಟಿದ್ದು 2012ರಲ್ಲಿ. ಆಗ ಹೆರಿಗೆ ರಜೆ ಹನ್ನೆರಡು ವಾರ. ಮೂರು ತಿಂಗಳೂ ತುಂಬದ ಕೂಸನ್ನು ಅಮ್ಮನ ಮಡಿಲಿಗೆ ಹಾಕಿ ಆಫೀಸಿಗೆ ಹೋದೆ. ಹಾಲು ತೆಗೆಯಲು ಅಲ್ಲಿ ಜಾಗವೇ ಇರಲಿಲ್ಲ. ಹಳೆಯ ಮಾನಿಟರ್‌ಗಳನ್ನು ಪೇರಿಸಿಟ್ಟ ಕೋಣೆಯೊಂದಿತ್ತು. ಅದಕ್ಕೆ ಚಿಲಕ ಇರಲಿಲ್ಲ. ಬಾಗಿಲಿಗೆ ಕುರ್ಚಿ ಅಡ್ಡ ಇಟ್ಟುಕೊಂಡು, ಯಾರಾದರೂ ತಳ್ಳಿದರೆ ಎಂದು ಕಾಲಿನಲ್ಲಿ ಒತ್ತಿ ಹಿಡಿದು ಕೂರುತ್ತಿದ್ದೆ. ಅದನ್ನಾದರೂ ಸಹಿಸಿಕೊಂಡೆ. ಸಹಿಸಲು ಆಗದಿದ್ದದ್ದು ಬೇರೆ.

ಮಗುವಿಗೆ ಒಂದು ವರ್ಷ ಆಗುವ ಹೊತ್ತಿಗೆ ನಮ್ಮ ಪ್ರಾಜೆಕ್ಟಿನಿಂದ ಒಬ್ಬರನ್ನು ಆರು ತಿಂಗಳು ಆನ್‌ಸೈಟ್, ಅಂದರೆ ಗ್ರಾಹಕರ ಊರಿಗೆ, ಕಳಿಸಬೇಕಿತ್ತು. ಅದರ ಪ್ರೋಗ್ರಾಮಿನ ಆ ಭಾಗವನ್ನು (ಮಾಡ್ಯೂಲ್) ಮೊದಲಿನಿಂದ ಬರೆದವಳು ನಾನು. ಹೋದವನು ನನ್ನ ಕೈಕೆಳಗೆ ಕಲಿತ ಹುಡುಗ. ಮ್ಯಾನೇಜರ್ ಹತ್ತಿರ ಕೇಳಿದೆ. "ಮಗು ಚಿಕ್ಕದಲ್ವಾ, ನಿಮಗೆ ಕಷ್ಟ ಆಗುತ್ತೆ ಅಂತ ನಾವೇ ಹೆಸರು ಕಳಿಸಲಿಲ್ಲ" ಎಂದರು. ಅವರು ಕೆಟ್ಟವರಲ್ಲ. ನನ್ನ ಸೀಮಂತಕ್ಕೆ ಹೆಂಡತಿ ಜೊತೆ ಬಂದು ಹರಸಿ ಹೋದವರು. ಆದರೆ ನಮ್ಮ ಮನೆಯಲ್ಲಿ ಗಂಡ, ಅಮ್ಮ ಇಬ್ಬರೂ ತಯಾರಿದ್ದರು. ಆಗಲ್ಲ ಎಂದು ನಾನೇ ಹೇಳುತ್ತಿದ್ದೆನೋ ಏನೋ. ಹೇಳುವ ಅವಕಾಶವಾದರೂ ನನ್ನದಾಗಬೇಕಿತ್ತಲ್ವಾ? ಆ ಹುಡುಗ ವಾಪಸು ಬಂದು ಲೀಡ್ ಆದ. ಆ ಹೆಜ್ಜೆ ಹಿಡಿಯಲು ನನಗೆ ನಾಲ್ಕು ವರ್ಷ ಬೇಕಾಯಿತು.

ನಿನ್ನ "ಸಣ್ಣ ಕೆಲಸ" ಕೇಳಿದಾಗ ನನಗೆ ನೆನಪಾದದ್ದು ಆ ದಿನ.

ನಮ್ಮ ದೇಶದ ಐಟಿ ಉದ್ಯೋಗಿಗಳಲ್ಲಿ ಮೂರನೇ ಒಂದು ಪಾಲಿಗಿಂತ ಜಾಸ್ತಿ ಹೆಂಗಸರು. ಬೇರೆ ಬಹಳಷ್ಟು ಉದ್ಯಮಗಳಲ್ಲಿ ಇಷ್ಟು ಇಲ್ಲ, ಹೆಮ್ಮೆ ಪಡಬೇಕಾದದ್ದೇ. ಆದರೆ ಹೊಸದಾಗಿ ಸೇರುವ ಬ್ಯಾಚ್ ನೋಡು, ಹತ್ತು ಹನ್ನೆರಡು ವರ್ಷ ಅನುಭವ ಇರುವವರ ಮೀಟಿಂಗ್ ನೋಡು. ನಾನು ಕೂರುವ ರಿವ್ಯೂಗಳಲ್ಲಿ ಎಷ್ಟೋ ದಿನ ನಾನೊಬ್ಬಳೇ. ನನ್ನ ಜೊತೆ ಸೇರಿದ ಹುಡುಗಿಯರೆಲ್ಲ ಎಲ್ಲಿ ಹೋದರು? ಯಾರಿಗೂ ಕೋಡ್ ಬರದೇ ಹೋದದ್ದಲ್ಲ. ಹೆಚ್ಚಿನವರು ಮೂವತ್ತರ ಆಸುಪಾಸಿನಲ್ಲಿ, ಒಂದು ಮಗು, ಒಂದು ಮನೆ ಬದಲಾವಣೆ, ಒಬ್ಬ ಹಿರಿಯರ ಕಾಯಿಲೆ, ಹೀಗೆ ಒಂದೊಂದು ತಿರುವಿನಲ್ಲಿ ಇಳಿದುಹೋದರು.

ಈಗ ನಿನಗೆ ಗೊತ್ತಿಲ್ಲದ ಒಂದು ವಿಷಯ. ಹೇಳಲಾ ಎಂದು ಅವಳನ್ನೇ ಕೇಳಿದೆ, "ಹೇಳಿ ಅಕ್ಕಾ" ಎಂದಳು. ನಿನ್ನ ಮಗಳ ಶಾಲೆಯ ಆ್ಯಪ್‌ನಲ್ಲಿ ಫೀಸ್ ಕಟ್ಟುವಾಗ ನೆಟ್ ನಿಧಾನವಾಗಿದ್ದು ಬ್ಯಾಕ್ ಒತ್ತಿದರೆ ಹಣ ಎರಡು ಸಲ ಹೋಗುತ್ತಿತ್ತಂತೆ. ಉಳಿದ ಅಪ್ಪ ಅಮ್ಮಂದಿರು ವಾಟ್ಸಾಪ್ ಗ್ರೂಪಿನಲ್ಲಿ ಬೈದಾಡಿದರು. ಇವಳು ಯಾವ ಫೋನ್, ಯಾವ ವರ್ಷನ್, ಯಾವ ಹೆಜ್ಜೆ ಆದ ಮೇಲೆ ಹೀಗಾಗುತ್ತದೆ ಎಂದು ಕ್ರಮವಾಗಿ ಬರೆದು, ಸ್ಕ್ರೀನ್‌ಶಾಟ್ ಸಮೇತ ಶಾಲೆಗೆ ಕಳಿಸಿದಳು. ನನಗೂ ತೋರಿಸಿದಳು. ನನ್ನ ಟೀಮಿನಲ್ಲಿ ಇಷ್ಟು ಚೆನ್ನಾಗಿ ಬಗ್ ರಿಪೋರ್ಟ್ ಬರೆಯುವವರು ಇಬ್ಬರು ಇದ್ದರೆ ಹೆಚ್ಚು. ರಾತ್ರಿ ನೀವೆಲ್ಲ ಮಲಗಿದ ಮೇಲೆ ಫೋನಿನಲ್ಲಿ ಆಟೋಮೇಶನ್ (ಟೆಸ್ಟಿಂಗನ್ನು ಪ್ರೋಗ್ರಾಮಿನಿಂದಲೇ ಮಾಡಿಸುವುದು) ಪಾಠ ಕೇಳುತ್ತಿದ್ದಾಳೆ, ಎಂಟು ತಿಂಗಳಾಯಿತು. ಅವಳೇನೂ ಮರೆತಿಲ್ಲ ಕಣೋ.

ಹಾಗಂತ ದಾರಿ ಸಲೀಸು ಎಂದು ನಾನು ಹೇಳುವುದಿಲ್ಲ. ಕೈಯಿಂದ ಮಾಡುವ ಟೆಸ್ಟಿಂಗ್ ಕೆಲಸಗಳು ಕಡಿಮೆಯಾಗುತ್ತಿವೆ. ಸೆಲೆನಿಯಮ್, ಪ್ಲೇರೈಟ್ ಥರದ ಆಟೋಮೇಶನ್ ಟೂಲ್ ಒಂದಾದರೂ ಕೈಗೆ ಹತ್ತಬೇಕು, ಎರಡು ಪ್ರೋಗ್ರಾಮ್‌ಗಳು ಮಾಹಿತಿ ಕೊಟ್ಟು ತೆಗೆದುಕೊಳ್ಳುವುದನ್ನು ಪರೀಕ್ಷಿಸುವ ಎಪಿಐ ಟೆಸ್ಟಿಂಗ್ ಬರಬೇಕು. ಏನನ್ನು ಹೇಗೆ ಪರೀಕ್ಷಿಸಬೇಕು ಎಂಬ ಟೆಸ್ಟ್ ಕೇಸನ್ನು ಈಗ ಎಐ ಟೂಲ್ ಬರೆದುಕೊಡುತ್ತದೆ. ಆದರೆ ಅದು ಏನನ್ನು ಬಿಟ್ಟಿದೆ ಎಂದು ಹಿಡಿಯುವ ಕಣ್ಣು ಬೇಕು. ಆ ಕಣ್ಣು ಅವಳಿಗಿದೆ. ಅವಳಿಗೆ ಇಲ್ಲದಿರುವುದು ಹಗಲಿನಲ್ಲಿ ಯಾರೂ ಕರೆಯದ ಎರಡು ಗಂಟೆ.

ಇಲ್ಲಿ ನಿನ್ನ ಪಾಲು ಬರುತ್ತದೆ. ನಮ್ಮ ಕೆಲಸದಲ್ಲಿ ಹೆಂಗಸರನ್ನು ಸುಸ್ತು ಮಾಡುವುದು ಕೋಡ್ ಅಲ್ಲ, ಗಡಿಯಾರ. ನಮಗೆ ಸಂಜೆ ಏಳೂವರೆ ಎಂದರೆ ಬೇಸಿಗೆಯಲ್ಲಿ, ನಮ್ಮ ಜೊತೆ ಕೆಲಸ ಮಾಡುವವರಿರುವ ಕ್ಯಾಲಿಫೋರ್ನಿಯಾದಲ್ಲಿ ಬೆಳಿಗ್ಗೆ ಏಳು. ಅವರ ದಿನ ಶುರುವಾಗುವ ಹೊತ್ತಿಗೆ ಇಲ್ಲಿ ಮಗುವಿನ ಹೋಂವರ್ಕ್, ಕುಕ್ಕರ್ ಸೀಟಿ, ಅತ್ತೆಯ ಮಾತ್ರೆ. ನಾನು ವರ್ಷಗಟ್ಟಲೆ ಒಂದು ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಚಪಾತಿ ಲಟ್ಟಿಸಿದ್ದೇನೆ. ಒಂದು ದಿನ ಧೈರ್ಯ ಮಾಡಿ ಕೇಳಿದೆ: ವಾರ ಬಿಟ್ಟು ವಾರ ಮೀಟಿಂಗನ್ನು ನಮ್ಮ ಬೆಳಿಗ್ಗೆ ಏಳೂವರೆಗೆ ಇಡೋಣವೇ, ಆಗ ನಿಮಗೆ ಹಿಂದಿನ ದಿನ ಸಂಜೆ ಏಳು. ಆ ಕಡೆ ಇದ್ದ ಹಿರಿಯ ಹೆಂಗಸೊಬ್ಬರು ತಕ್ಷಣ ಹೂಂ ಎಂದರು. ಅವರಿಗೂ ಬೆಳಿಗ್ಗೆ ಮಕ್ಕಳನ್ನು ಶಾಲೆಗೆ ಬಿಡುವ ಕಷ್ಟವಿತ್ತಂತೆ. ಅಷ್ಟು ವರ್ಷ ಯಾರೂ ಕೇಳಿರಲಿಲ್ಲ, ಅಷ್ಟೇ. ನೀನೂ ಈಗ ಒಂದು ಟೀಮಿನ ಮ್ಯಾನೇಜರ್. ನಿನ್ನ ಕ್ಯಾಲೆಂಡರ್ ತೆಗೆದು ನೋಡು. ಸಂಜೆ ಆರರಿಂದ ಒಂಬತ್ತರವರೆಗೆ ನೀನು ಇಟ್ಟ ಮೀಟಿಂಗ್‌ಗಳಲ್ಲಿ ಎಷ್ಟು ನಿಜವಾಗಲೂ ಆಗಲೇ ಆಗಬೇಕು?

ಕಾನೂನು ಬದಲಾಗಿದೆ. 2017ರ ತಿದ್ದುಪಡಿಯಿಂದ ಮೊದಲ ಎರಡು ಮಕ್ಕಳಿಗೆ ಹೆರಿಗೆ ರಜೆ 26 ವಾರ. 50 ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಕಡೆ ಶಿಶುಪಾಲನಾ ಕೇಂದ್ರದ ವ್ಯವಸ್ಥೆ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಿ ಬರಬಹುದು. ನನ್ನ ಕಾಲದ ಮಾನಿಟರ್ ಕೋಣೆ ನೆನೆದರೆ ಇದು ದೊಡ್ಡ ಮಾತೇ. ಆದರೆ ರಜೆಯ ಸಂಬಳವೆಲ್ಲ ಕಂಪನಿಯ ಮೇಲೆ ಬೀಳುವುದರಿಂದ, ಹೊಸದಾಗಿ ಮದುವೆಯಾದ ಹುಡುಗಿಯನ್ನು ತೆಗೆದುಕೊಳ್ಳಲು ಹಿಂದೆ ಮುಂದೆ ನೋಡುವವರೂ ಇದ್ದಾರೆ. ಇಂಟರ್‌ವ್ಯೂ ಮುಗಿದ ಮೇಲೆ "ಮುಂದಿನ ಪ್ಲ್ಯಾನ್ ಏನು" ಎಂದು ನಗುತ್ತಾ ಕೇಳುತ್ತಾರೆ. ಅಪ್ಪನಾದವನಿಗೆ ಖಾಸಗಿ ಕಂಪನಿಯಲ್ಲಿ ರಜೆ ಕೊಡಲೇಬೇಕೆಂಬ ಕಾನೂನು ಇನ್ನೂ ಇಲ್ಲ. ಕೇಂದ್ರ ಸರ್ಕಾರದ ನೌಕರರಿಗೆ 15 ದಿನ ಇದೆ. ಅಪ್ಪನಿಗೂ ಸರಿಯಾದ ರಜೆ ಬರುವವರೆಗೆ ಆ ಹಿಂಜರಿಕೆ ಹೋಗುವುದಿಲ್ಲ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಸುರಕ್ಷತೆಯ ಚಿಂತೆ ನಿನಗಿದೆ ಎಂದು ಗೊತ್ತು. ನಾವು ಈ ಊರಿಗೆ ಬಂದ 2006ರಲ್ಲಿ ಎಲ್ಲರ ಬಾಯಲ್ಲೂ ಹಿಂದಿನ ಡಿಸೆಂಬರ್‌ನ ಸುದ್ದಿಯೇ ಇತ್ತು. ರಾತ್ರಿ ಪಾಳಿಗೆ ಕ್ಯಾಬ್ ಹತ್ತಿದ ಬಿಪಿಒ ಹುಡುಗಿಯನ್ನು ಚಾಲಕನೇ ಕೊಂದಿದ್ದ. ನಮ್ಮಮ್ಮ ವಾಪಸು ಬಾ ಎಂದು ಅತ್ತಿದ್ದರು. ಆಮೇಲೆ ಕ್ಯಾಬಿನಲ್ಲಿ ಗಾರ್ಡ್ ಬಂದರು, ಹೆಣ್ಣುಮಕ್ಕಳು ಮೊದಲ ಪಿಕಪ್, ಕೊನೆಯ ಡ್ರಾಪ್ ಆಗಬಾರದು ಎಂದಾಯಿತು. 2013ರ ಕಾನೂನಿನಂತೆ ಹತ್ತು ಅಥವಾ ಹೆಚ್ಚು ಜನ ಇರುವ ಕಡೆ ಲೈಂಗಿಕ ಕಿರುಕುಳದ ದೂರು ಕೇಳಲು ಆಂತರಿಕ ಸಮಿತಿ ಇರಲೇಬೇಕು. ದೂರನ್ನು ಮೂರು ತಿಂಗಳೊಳಗೆ ಕೊಡಬೇಕು. ಇದು ಅವಳಿಗೆ ಗೊತ್ತಿರಲಿ, ನಿನ್ನ ಟೀಮಿನ ಹುಡುಗಿಯರಿಗೂ ಗೊತ್ತಿರಲಿ.

ಓಡಾಟ ಈಗ ಮೊದಲಿನಂತಿಲ್ಲ. ಅವಳು 2019ರಲ್ಲಿ ಕೆಲಸ ಬಿಡಲು ಅರ್ಧ ಕಾರಣ ಸಿಲ್ಕ್ ಬೋರ್ಡ್ ಜಂಕ್ಷನ್‌ನ ಟ್ರಾಫಿಕ್. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗ ಶುರುವಾದ ಮೇಲೆ ನಿಮ್ಮ ರಾಗಿಗುಡ್ಡದಲ್ಲಿ ಹತ್ತಿದರೆ ಎಲೆಕ್ಟ್ರಾನಿಕ್ ಸಿಟಿಗೆ ನೇರ ಮೆಟ್ರೋ. ಇನ್ನು ಮಗಳನ್ನು ಶಾಲೆಯಿಂದ ಕರೆತರಲು ಯಾರನ್ನಾದರೂ ಇಟ್ಟುಕೊಂಡರೆ ಅವರಿಗೆ ಸರಿಯಾದ ಸಂಬಳ ಕೊಡಿ. ನಾನು ಲ್ಯಾಪ್‌ಟಾಪ್ ತೆರೆಯಬೇಕಾದರೆ ಇನ್ನೊಬ್ಬ ಹೆಂಗಸು ಬೆಳಗಿನ ಬಸ್ ಹತ್ತಬೇಕು. 2023ರಲ್ಲಿ ಶಕ್ತಿ ಯೋಜನೆ ಬಂದಾಗ ನಮ್ಮ ಮನೆಕೆಲಸಕ್ಕೆ ಬರುವ ಅಕ್ಕ "ಬಸ್ ದುಡ್ಡು ಉಳೀತು, ಮಗಳ ಟ್ಯೂಷನ್‌ಗೆ ಆಯ್ತು" ಎಂದದ್ದು ನನಗೆ ಮರೆಯುವುದಿಲ್ಲ.

ಅವಕಾಶದ ಮಾತು. ಕೆಲಸ ಬಿಟ್ಟು ಮತ್ತೆ ಬರುವ ಹೆಂಗಸರಿಗೆಂದೇ ಟಾಟಾ ಸಮೂಹ 2008ರಲ್ಲಿ ಸೆಕೆಂಡ್ ಕೆರಿಯರ್ ಎಂಬ ಕಾರ್ಯಕ್ರಮ ಶುರುಮಾಡಿತು. ಈಗ ಇಂಥದ್ದು ಹಲವು ಕಂಪನಿಗಳಲ್ಲಿದೆ, ರಿಟರ್ನ್‌ಶಿಪ್ ಎನ್ನುತ್ತಾರೆ. ಹೆಂಗಸರಿಗೆ ಕೆಲಸ ಹುಡುಕಲು ಇರುವ ಹರ್‌ಕೀ ಎನ್ನುವ ತಾಣ, 2015ರಲ್ಲಿ ಶುರುವಾದಾಗ ಜಾಬ್ಸ್‌ಫಾರ್‌ಹರ್ ಎಂದಿತ್ತು, ಅದೂ ನಮ್ಮ ಬೆಂಗಳೂರಿನದೇ. ರಿಟರ್ನ್‌ಶಿಪ್‌ಗೆ ಸೇರುವ ಮುಂಚೆ ಒಂದೇ ಪ್ರಶ್ನೆ ಕೇಳಬೇಕು: ಕಳೆದ ಬ್ಯಾಚಿನಲ್ಲಿ ಎಷ್ಟು ಜನ ಕಾಯಂ ಆದರು, ಯಾವ ಹುದ್ದೆಗೆ? ಮತ್ತೆ, 2019ರ ಸಂಬಳದ ಮೇಲೆ ಇಷ್ಟು ಹೆಚ್ಚು ಕೊಡಿ ಎಂದು ಲೆಕ್ಕ ಹಾಕುವುದು ಬೇಡ. ಈ ಕೆಲಸಕ್ಕೆ ಈಗ ಮಾರ್ಕೆಟ್ಟಿನಲ್ಲಿ ಏನು ನಡೆಯುತ್ತಿದೆಯೋ ಅದನ್ನೇ ಕೇಳಲಿ. ರೆಸ್ಯೂಮೆಯಲ್ಲಿ ಆರು ವರ್ಷವನ್ನು ಮುಚ್ಚಿಡಬೇಕಾಗಿಲ್ಲ, "ಮಗಳ ಆರೈಕೆಗಾಗಿ" ಎಂದು ಒಂದು ಸಾಲು ಸಾಕು.

"ಇದೆಲ್ಲ ಹೆಣ್ಣುಮಕ್ಕಳಿಗೆ ಈಗೀಗ ಬಂದದ್ದು" ಎಂದು ನಿಮ್ಮ ಅಮ್ಮ ಹೇಳುತ್ತಿರುತ್ತಾರಲ್ಲ, ಅವರಿಗೆ ರಾಜೇಶ್ವರಿ ಚಟರ್ಜಿ ಅವರ ಬಗ್ಗೆ ಹೇಳು. ಕರ್ನಾಟಕದ ಮೊದಲ ಮಹಿಳಾ ಇಂಜಿನಿಯರ್. ಸೆಂಟ್ರಲ್ ಕಾಲೇಜಿನಲ್ಲಿ ಓದಿ, 1943ರಲ್ಲೇ ಟಾಟಾ ಇನ್‌ಸ್ಟಿಟ್ಯೂಟ್ (ಭಾರತೀಯ ವಿಜ್ಞಾನ ಸಂಸ್ಥೆ) ಸೇರಿದವರು. ಅಮೆರಿಕದ ಮಿಷಿಗನ್‌ಗೆ ಹೋಗಿ ಡಾಕ್ಟರೇಟ್ ಮಾಡಿ, 1953ರಲ್ಲಿ ವಾಪಸು ಬಂದು ಅದೇ ಸಂಸ್ಥೆಯಲ್ಲಿ ಮೈಕ್ರೋವೇವ್ ಇಂಜಿನಿಯರಿಂಗ್ ಪಾಠ ಮಾಡಿದರು. ಗಂಡ ಹೆಂಡತಿ ಇಬ್ಬರೂ ಒಂದೇ ವಿಭಾಗದಲ್ಲಿ, ಸಂಶೋಧನೆಯೂ ಒಟ್ಟಿಗೆ. ಮಲ್ಲೇಶ್ವರದ ಕಡೆ ಹೋದಾಗ ಮಗಳಿಗೂ ಆ ಸಂಸ್ಥೆಯ ಗೇಟು ತೋರಿಸು.

ಸಣ್ಣ ಕೆಲಸ ನಾನು ಹುಡುಕುವುದಿಲ್ಲ. ಅವಳಿಗೆ ಎಂಥ ಕೆಲಸ ಬೇಕು ಎಂದು ನೀನು ಅವಳನ್ನೇ ಕೇಳು. ಅವಳು ದೊಡ್ಡದನ್ನೇ ಹೇಳಿದರೆ ಮನೆಯ ಗಡಿಯಾರವನ್ನು ಅದಕ್ಕೆ ತಕ್ಕಂತೆ ಇಬ್ಬರೂ ಕೂತು ಜೋಡಿಸಿಕೊಳ್ಳಿ. ಪೂರ್ತಿ ಸಮಯದ ಕೆಲಸ ಬೇಡ ಎಂದರೆ ಅದೂ ಸರಿ, ಅದು ಅವಳ ಬಾಯಿಂದ ಬರಲಿ.

ಈ ಶನಿವಾರ ಹತ್ತು ಗಂಟೆಗೆ ಅವಳು ನಮ್ಮ ಮನೆಗೆ ಬರುತ್ತಾಳೆ. ರೆಸ್ಯೂಮೆ ತಿದ್ದಬೇಕು, ಎರಡು ಸಲ ಅಣಕು ಇಂಟರ್‌ವ್ಯೂ ಮಾಡಬೇಕು. ಮಧ್ಯಾಹ್ನ ಎರಡರವರೆಗೆ ಬೇಕಾಗುತ್ತದೆ, ಊಟ ಇಲ್ಲೇ. ಮಗಳಿಗೆ ಹನ್ನೊಂದಕ್ಕೆ ಡ್ಯಾನ್ಸ್ ಕ್ಲಾಸ್ ಇದೆಯಂತೆ. ಗೆಜ್ಜೆಯ ಚೀಲ ಬೆಡ್‌ರೂಮಿನ ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದೆ. ಅದನ್ನು ಕೇಳಲು ಅವಳಿಗೆ ಫೋನ್ ಮಾಡಬೇಡ.

ನಿನ್ನ ಗೆಳತಿ