ಕೈಯೇ ಕೈಕೊಟ್ಟಾಗ ಕೈಹಿಡಿದವರಿಗೆ

ನನ್ನ ನೂರನೆಯ ಸೀಟು ಮೊನ್ನೆ ಭಾನುವಾರ ಗಾಡಿ ಏರಿತು. ಲೆಕ್ಕದ ಪ್ರಕಾರ ಅದು ಹನ್ನೊಂದು ತಿಂಗಳ ಹಿಂದೆಯೇ ಏರಬೇಕಿತ್ತು. ತಡವಾದದ್ದು ನನ್ನ ಬಲಗೈಯಿಂದ, ತಡವಾಗಿಯಾದರೂ ಮುಗಿದದ್ದು ಬೇರೆಯವರ ಕೈಗಳಿಂದ. ಅವರಲ್ಲಿ ಹೆಚ್ಚಿನವರು ಹೆಸರು ಹಾಕಬೇಡಿ ಎಂದಿದ್ದಾರೆ. ಹಾಗಾಗಿ ಹೆಸರಿಲ್ಲದೆಯೇ ಋಣ ಹೇಳಿಕೊಳ್ಳುತ್ತೇನೆ. ಓದಿದರೆ ಅವರವರ ಗುರುತು ಅವರವರಿಗೆ ಸಿಗುತ್ತದೆ.

ನನ್ನ ಕೆಲಸ ಗೊತ್ತಿಲ್ಲದವರಿಗೆ ಎರಡು ಮಾತು. ಬೈಕಿನ ಸೀಟಿಗೆ ಹೊದಿಸುವ ಚರ್ಮದ ಮೇಲೆ ಬಳ್ಳಿ, ಎಲೆ, ಹೂವು ಕೆತ್ತುವವನು ನಾನು. ಕೆತ್ತನೆ ಎಂದು ಕರೆದರೂ ಮರದಲ್ಲಿ ಮಾಡಿದಂತೆ ಇಲ್ಲಿ ಏನನ್ನೂ ಕೆತ್ತಿ ತೆಗೆಯುವುದಿಲ್ಲ. ಒದ್ದೆ ಮಾಡಿದ ಚರ್ಮದಲ್ಲಿ ಚಾಕುವಿನಿಂದ ಗೆರೆ ಎಳೆದು, ಗೆರೆಯ ಒಂದು ಮಗ್ಗುಲಿಗೆ ಉಕ್ಕಿನ ಅಚ್ಚಿಟ್ಟು ಕೊಡತಿಯಿಂದ ತಟ್ಟಿ ತಗ್ಗಿಸಿದರೆ, ಇನ್ನೊಂದು ಮಗ್ಗುಲು ಎದ್ದು ನಿಂತಂತೆ ಕಾಣುತ್ತದೆ. ಇಡೀ ಕಣ್ಕಟ್ಟು ಅಷ್ಟೇ. ಇದಕ್ಕೆ ಮರದ ತೊಗಟೆಯ ಟ್ಯಾನಿನ್‌ನಲ್ಲಿ ಹದ ಮಾಡಿದ ಚರ್ಮವೇ ಆಗಬೇಕು. ಕ್ರೋಮಿಯಂ ಉಪ್ಪಿನಲ್ಲಿ ಹದ ಮಾಡಿದ್ದು ಮೆತ್ತಗಿರುತ್ತದೆ, ತಟ್ಟಿದ ಗುರುತನ್ನು ಹಿಡಿದಿಟ್ಟುಕೊಳ್ಳುವುದಿಲ್ಲ. ನಾನು ಬಳಸುವುದು 3.2ರಿಂದ 3.6 ಮಿಲಿಮೀಟರ್ ದಪ್ಪದ್ದು. ಚಾಕು ಅದರ ಅರ್ಧ ದಪ್ಪವನ್ನು ದಾಟಬಾರದು, ದಾಟಿದರೆ ಸವಾರ ಕೂತು ಎದ್ದು ಮಾಡುವಾಗ ಅದೇ ಗೆರೆಯಲ್ಲಿ ಚರ್ಮ ಬಿರಿಯುತ್ತದೆ.

ಆ ಚಾಕುವಿಗೆ ಸ್ವಿವೆಲ್ ಚಾಕು ಎನ್ನುತ್ತಾರೆ. ತಲೆಯ ಮೇಲೆ ಪುಟ್ಟ ಜೀನಿನಂತೆ ಬಾಗಿದ ಒಂದು ತುಂಡಿದೆ. ತೋರುಬೆರಳು ಅಲ್ಲಿ ಕೂತು ಒತ್ತುತ್ತದೆ. ಹೆಬ್ಬೆರಳು ಮತ್ತು ನಡುಬೆರಳು ಹಿಡಿಯನ್ನು ಬಳ್ಳಿಯ ತಿರುವಿಗೆ ತಕ್ಕಂತೆ ತಿರುಗಿಸುತ್ತವೆ. ಕಳೆದ ವರ್ಷ ಜೋಮು ಹಿಡಿದು ಮರಗಟ್ಟಿದ್ದು ಸರಿಯಾಗಿ ಈ ಮೂರು ಬೆರಳುಗಳು. ಕೆತ್ತನೆಯಲ್ಲಿ ಯಾವ ಉಪಕಾರವನ್ನೂ ಮಾಡದ ಕಿರುಬೆರಳು ಮಾತ್ರ ಗಟ್ಟಿಮುಟ್ಟಾಗಿತ್ತು. ರಾತ್ರಿ ಎದ್ದು ಕೈ ಕೊಡವುವುದೇ ನನ್ನ ಕಸುಬಾಯಿತು.

ಮೊದಲ ಕೃತಜ್ಞತೆ ನನ್ನ ವೈದ್ಯೆಗೆ. ಅವರು ಬರಿಗೈ ನೋಡಿ ಸುಮ್ಮನಾಗಲಿಲ್ಲ. ಚಾಕುವನ್ನೂ ಕೊಡತಿಯನ್ನೂ ತರಿಸಿ, ನನ್ನಿಂದ ಮೇಜಿನ ಮೇಲೆ ಹತ್ತು ನಿಮಿಷ ತಟ್ಟಿಸಿ, ಮಣಿಕಟ್ಟು ಎಷ್ಟು ಬಾಗುತ್ತದೆ ಎಂದು ಬಗ್ಗಿ ಬಗ್ಗಿ ನೋಡಿದರು. ಕಾರ್ಪಲ್ ಟನಲ್ ತೊಂದರೆ ಎಂದರು. ಮಣಿಕಟ್ಟಿನ ಇಕ್ಕಟ್ಟಾದ ಸುರಂಗದಲ್ಲಿ ನರವೊಂದು ಅದುಮಿಕೊಂಡಿತ್ತು. ಆ ನರದ ಹರವು ಹೆಬ್ಬೆರಳಿನಿಂದ ಉಂಗುರ ಬೆರಳಿನ ಅರ್ಧದವರೆಗೆ. ಕಿರುಬೆರಳಿನ ನರದ ದಾರಿಯೇ ಬೇರೆ. ಕೊನೆಗೆ ಸುರಂಗದ ಚಾವಣಿಯಂತಿದ್ದ ಅಡ್ಡಪಟ್ಟಿಯನ್ನು ಕತ್ತರಿಸಿ ನರಕ್ಕೆ ಜಾಗ ಮಾಡಿಕೊಟ್ಟರು. ಹೊಲಿಗೆ ಬಿಚ್ಚುವ ದಿನ ನಾನು ಅವರ ಹೊಲಿಗೆಯ ಅಂತರವನ್ನು ಅಳೆಯುತ್ತಿದ್ದುದನ್ನು ನೋಡಿ ನಕ್ಕರು. ಚೆನ್ನಾಗಿಯೇ ಹಾಕಿದ್ದರು.

ಎರಡನೆಯದು ಮನೆಯಾಕೆಗೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಚರ್ಮವನ್ನು ನೆನೆಸಿ, ರಾತ್ರಿಯಿಡೀ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟು, ಬೆಳಿಗ್ಗೆ ಹೊರತೆಗೆದು ಗಾಳಿಗಿಡುತ್ತೇವೆ. ಮೇಲ್ಮೈಯ ಬಣ್ಣ ಬಹುಪಾಲು ಮೊದಲಿನಂತಾಗಬೇಕು, ಒಳಗೆ ಮಾತ್ರ ತೇವ ಉಳಿದಿರಬೇಕು. ಹೆಚ್ಚು ಒದ್ದೆಯಿದ್ದರೆ ತಟ್ಟಿದ್ದು ಕೆಸರಿನಲ್ಲಿ ಬಿದ್ದ ಹೆಜ್ಜೆಯಂತೆ ಕದಡುತ್ತದೆ. ಒಣಗಿದ್ದರೆ ಚಾಕು ಎಳೆಯುವುದೇ ಇಲ್ಲ. ನಡುವಿನ ಆ ಹೊತ್ತಿನಲ್ಲಿ ತಟ್ಟಿದರೆ ಅಚ್ಚು ಬಿದ್ದ ಕಡೆಯೆಲ್ಲ ಚರ್ಮ ತಾನಾಗಿ ಕಂದುಬಣ್ಣಕ್ಕೆ ತಿರುಗುತ್ತದೆ. ಟ್ಯಾನಿನ್‌ನಲ್ಲಿ ನೆನೆಸುವುದಕ್ಕೂ ಹದ ಎನ್ನುತ್ತೇವೆ, ಈ ತೇವಕ್ಕೂ ಹದ ಎನ್ನುತ್ತೇವೆ. ಈ ಎರಡನೆಯ ಹದವನ್ನು ಅಳೆಯಲು ನನಗೆ ಗೊತ್ತಿರುವುದು ಬೆರಳಿನ ತುದಿಗೆ ತಾಗುವ ತಣುಪು ಒಂದೇ. ನನ್ನ ಬೆರಳಿಗೆ ಬಿಸಿಯೂ ಒಂದೇ, ತಣುಪೂ ಒಂದೇ ಆಗಿತ್ತು.

ಶಸ್ತ್ರಚಿಕಿತ್ಸೆಯಾಗಿ ಮೂರು ತಿಂಗಳ ಮೇಲೆ ಮತ್ತೆ ಚಾಕು ಹಿಡಿದಾಗ, ಹಿಡಿತ ಬಂದಿತ್ತು, ಸ್ಪರ್ಶ ಬಂದಿರಲಿಲ್ಲ. ಸತತ ಎರಡು ತುಂಡು ಕೆಡಿಸಿದೆ. ಮೂರನೆಯದನ್ನು ಅವಳು ನನ್ನ ಕೈಯಿಂದ ಕಿತ್ತುಕೊಂಡು ಕೆನ್ನೆಗೆ ಒತ್ತಿಕೊಂಡಳು. "ಮಗುವಿಗೆ ಜ್ವರ ಬಿಟ್ಟಿದೆಯೋ ಇಲ್ಲವೋ ಎಂದು ನೋಡುವುದು ಹೀಗೇ ಅಲ್ಲವೇ?" ಎಂದಳು. ಅಂದಿನಿಂದ ಪ್ರತಿ ಬೆಳಿಗ್ಗೆ, ತನ್ನ ಕೆಲಸಕ್ಕೆ ಹೊರಡುವ ಅವಸರದಲ್ಲೂ, ಚರ್ಮಕ್ಕೆ ಕೆನ್ನೆ ಕೊಟ್ಟು ಹೋಗುತ್ತಿದ್ದಳು. ನನ್ನ ಬೆರಳಿಗಿಂತ ಅದೇ ಒಳ್ಳೆಯ ಮಾಪಕ ಎಂದು ಒಪ್ಪಿಕೊಳ್ಳಲು ನನಗೆ ಕೆಲವು ವಾರ ಹಿಡಿಯಿತು.

ಕುದುರೆಯ ಜೀನು ಹೊಲಿದು ಬೆಳೆದ ಹಿರಿಯರೊಬ್ಬರಿದ್ದಾರೆ. ನಾನು ಮಲಗಿದಾಗ ಕೆತ್ತನೆ ಮುಗಿದು ಹೊಲಿಗೆಗೆ ಕಾದಿದ್ದ ಮೂರು ಸೀಟುಗಳು ಅಂಗಡಿಯಲ್ಲಿದ್ದವು. ಅವರು ಹೇಳದೆ ಕೇಳದೆ ಬಂದು ಕೂತರು. ಒಂದೇ ದಾರ, ಎರಡು ತುದಿಗೆ ಎರಡು ಸೂಜಿ, ಒಂದೇ ತೂತಿನಲ್ಲಿ ಎರಡೂ ಎದುರುಬದುರಾಗಿ ದಾಟಬೇಕು. ಯಂತ್ರದ ಹೊಲಿಗೆಯಲ್ಲಿ ಮೇಲಿನ ದಾರ ಕೆಳಗಿನದನ್ನು ಕೊಕ್ಕೆ ಹಾಕಿ ಹಿಡಿದಿರುತ್ತದೆ, ಒಂದು ಕಡೆ ಕಡಿದರೆ ಸಾಲು ಬಿಚ್ಚಿಕೊಳ್ಳುತ್ತಾ ಹೋಗಬಹುದು. ಇಲ್ಲಿ ಒಂದು ಕಡಿದರೂ ಪಕ್ಕದ ಹೊಲಿಗೆ ತನ್ನ ಪಾಡಿಗೆ ತಾನು ಹಿಡಿದು ನಿಲ್ಲುತ್ತದೆ. ಒಬ್ಬರೇ ಕೂರುವ ಸೀಟಿನ ಅಂಚಿಗೆ ನನ್ನ ಲೆಕ್ಕದಲ್ಲಿ ಸುಮಾರು 250 ಹೊಲಿಗೆ. ಅವರ ಹೊಲಿಗೆಯನ್ನು ನನ್ನದರ ಪಕ್ಕ ಇಟ್ಟು ನೋಡಿದ ಮೇಲೆ ನನ್ನ ಹಳೆಯ ಸೀಟುಗಳ ಬಗ್ಗೆ ಮಾತನಾಡುವುದನ್ನು ಕಡಿಮೆ ಮಾಡಿದ್ದೇನೆ. ಇನ್ನೊಂದು ಮಾತು: ಅವರು "ದುಡ್ಡು ಬೇಡಪ್ಪ" ಎನ್ನಲಿಲ್ಲ. ಪೂರ್ತಿ ಕೂಲಿ ಎಣಿಸಿ ತೆಗೆದುಕೊಂಡರು. ದಾನ ಪಡೆದವನ ಮುಜುಗರವನ್ನು ನನಗೆ ತಪ್ಪಿಸಿದ್ದಕ್ಕೆ ಅವರಿಗೆ ಎರಡು ಪಟ್ಟು ಋಣಿ.

ಮುಂಗಡ ಕೊಟ್ಟು ಕಾದವರು ಆರು ಮಂದಿ. ಒಬ್ಬರು ಬರಿಯ ಫೋಮಿನ ಮೇಲೆ ಹಳೆಯ ಟವೆಲ್ ಬಿಗಿದುಕೊಂಡು ಓಡಾಡಿದರು. ಏಳನೆಯವರು ಹಣ ವಾಪಸ್ ಕೇಳಿದರು, ಕೊಟ್ಟೆ. ಜಗಳವಾಡದೆ ಕೇಳಿದ್ದಕ್ಕೆ ಅವರಿಗೂ ನಮಸ್ಕಾರ.

ಅಂಗಡಿಯ ಹುಡುಗನನ್ನು ಮರೆತರೆ ತಪ್ಪಾಗುತ್ತದೆ. ನೂರನೆಯ ಸೀಟಿನ ಚರ್ಮ ಹಲಗೆಯ ಮೇಲೆ ತೇವದಲ್ಲಿದ್ದಾಗ, ಅವನು ನಾಲ್ಕಡಿ ದೂರದಲ್ಲಿ ಸೀಟಿನ ಸ್ಪ್ರಿಂಗಿಗೆ ಕೂರಿಸುವ ಕಬ್ಬಿಣದ ಪಟ್ಟಿಯನ್ನು ಉಜ್ಜಿದ. ಕಣ್ಣಿಗೆ ಕಾಣದ ಪುಡಿ ಹಾರಿ ಕೂತಿತು. ಕಬ್ಬಿಣ, ನೀರು, ಟ್ಯಾನಿನ್ ಸೇರಿದರೆ ಶಾಯಿಯೇ ಸರಿ. ಸ್ವಲ್ಪ ಹೊತ್ತಿನಲ್ಲಿ ಹೂವಿನ ಎಸಳಿನ ತುಂಬ ನೀಲಿಗಪ್ಪು ಚುಕ್ಕೆ. ಯಾರೂ ನೋಡಿರಲಿಲ್ಲ, ಸುಮ್ಮನಿರಬಹುದಿತ್ತು. ನೇರ ಬಂದು "ಅಣ್ಣ, ನನ್ನಿಂದ ಆಯಿತು" ಎಂದ. ಬಣ್ಣ ಹಚ್ಚುವ ಮೊದಲೇ ಗೊತ್ತಾದದ್ದರಿಂದ ನಿಂಬೆರಸ ಒರೆಸಿ ಚುಕ್ಕೆಗಳನ್ನು ತೆಗೆಯಲು ಸಾಧ್ಯವಾಯಿತು. ಒಂದು ದಿನ ಕಳೆದು ಬಣ್ಣದ ಅಡಿ ಸೇರಿಕೊಂಡಿದ್ದರೆ ಆ ತುಂಡು ಚಪ್ಪಲಿಯ ಅಟ್ಟೆಗೂ ಆಗುತ್ತಿರಲಿಲ್ಲ. ಉಜ್ಜುವ ಕೆಲಸ ಈಗ ಹೊರಗೆ ನಡೆಯುತ್ತದೆ. ಅಷ್ಟು ವರ್ಷ ಅದನ್ನು ಒಳಗೆ ಇಟ್ಟುಕೊಂಡಿದ್ದವನು ನಾನೇ.

ಹಳೆಯ ಸಾಲವೊಂದಿದೆ. ನನ್ನ ಹನ್ನೆರಡನೆಯ ಸೀಟನ್ನು ವಾಪಸ್ ತಂದವರೇ, ನಿಮಗೆ. ಆಗ ನಾನು ಚಪ್ಪಟೆ ಚರ್ಮದಲ್ಲಿ ಕೆತ್ತಿ, ಆಮೇಲೆ ಫೋಮಿನ ಉಬ್ಬಿನ ಮೇಲೆ ಎಳೆದು ಬಿಗಿಯುತ್ತಿದ್ದೆ. ಗುಲಾಬಿಯಾಗಿ ಹೊರಟದ್ದು ಸೀಟಿನ ಮೂತಿಗೆ ಬರುವಷ್ಟರಲ್ಲಿ ಕುಂಬಳದ ಹೂವಾಗಿತ್ತು. ನೀವು ಕೂಗಾಡಲಿಲ್ಲ, "ಇದು ಯಾವ ಹೂವು?" ಎಂದು ಕೇಳಿದಿರಿ, ಅಷ್ಟೆ. ಅಂದಿನಿಂದ ಮೊದಲು ಒದ್ದೆ ಚರ್ಮವನ್ನು ಸೀಟಿಗೆ ಎಳೆದು ಕೂರಿಸಿ, ಉಬ್ಬು ತಗ್ಗಿನ ಗೆರೆ ಗುರುತಿಸಿ, ಬಿಚ್ಚಿ, ಹಿಂಬದಿಗೆ ಟೇಪು ಅಂಟಿಸಿ ಹಿಗ್ಗದಂತೆ ಮಾಡಿ ಕೆತ್ತುತ್ತೇನೆ. ಹೆಚ್ಚು ಎಳೆತ ಬೀಳುವ ಕಡೆ ಹೂವು ಇಡುವುದೇ ಇಲ್ಲ.

ನೂರನೆಯ ಸೀಟಿನ ಸವಾರರು ಕೇಳಿದ್ದು ಶೆರಿಡನ್ ಶೈಲಿ. ಅಮೆರಿಕದ ವಯೋಮಿಂಗ್ ರಾಜ್ಯದ ಶೆರಿಡನ್ ಊರಿನ ಹೆಸರು ಹೊತ್ತದ್ದು, ಅಲ್ಲಿನ ಡಾನ್ ಕಿಂಗ್ ಎಂಬ ಜೀನು ತಯಾರಕರಿಂದ ಪ್ರಸಿದ್ಧವಾದದ್ದು. ಹೂವನ್ನು ನಡುವಿಟ್ಟು ಬಳ್ಳಿ ಸುತ್ತು ಹಾಕುತ್ತದೆ, ಆ ಸುತ್ತು ಮುಂದಿನ ಸುತ್ತಿಗೆ ಹರಿಯುತ್ತದೆ. ಎಲ್ಲೂ ಕೈ ಅಳುಕುವಂತಿಲ್ಲ. ಎಡ ಅಂಚಿನಲ್ಲಿ, ಮೂರನೆಯ ಸುತ್ತಿನ ಬಳಿ, ನನ್ನದೊಂದು ಗೆರೆ ಕೂದಲೆಳೆಯಷ್ಟು ಅಲುಗಿದೆ. ತೋರಿಸಿದೆ. ಅವರು ಬೆರಳಾಡಿಸಿ ನೋಡಿ, ಇರಲಿ ಬಿಡಿ ಎಂದು ಹೊರಟೇಬಿಟ್ಟರು.

ನೂರ ಒಂದನೆಯದರ ಚರ್ಮ ನಿನ್ನೆ ರಾತ್ರಿ ಪ್ಲಾಸ್ಟಿಕ್ ಸೇರಿತ್ತು. ಈಗ ನನ್ನ ಬೆರಳಿಗೂ ತಣುಪು ತಿಳಿಯುತ್ತದೆ. ಬೆಳಿಗ್ಗೆ ಮುಟ್ಟಿ ನೋಡಿ, ಹದ ಬಂದಿದೆ ಎಂದು ಚಾಕು ಎತ್ತಿಕೊಂಡೆ. ಅಭ್ಯಾಸಬಲದಿಂದ ಅವಳನ್ನೂ ಕರೆದೆ. ಕೆನ್ನೆ ತಾಗಿಸಿ ಚೀಲ ಹೆಗಲಿಗೇರಿಸಿದಳು: "ಇನ್ನೊಂದು ಅರ್ಧ ಗಂಟೆ ಬಿಡಿ."

ಬಿಟ್ಟಿದ್ದೇನೆ. ಆ ಅರ್ಧ ಗಂಟೆಯಲ್ಲಿ ಇಷ್ಟು ಬರೆದೆ.