ಆಟಕ್ಕೆ ಬೈಯಿರಿ, ಮನೆಯವರನ್ನು ಬಿಡಿ

ಮಾನ್ಯ ಸಂಪಾದಕರೇ,

ಕೊಡಗಿನಲ್ಲಿ ಅರೇಬಿಕಾ ಕಾಫಿ ಕೊಯ್ಲು ಜೋರಾಗುವ ಹೊತ್ತಿಗೆ ಬಿಗ್ ಬಾಸ್ ಕೂಡ ಬಿಸಿಯೇರಿರುತ್ತದೆ. ಹಗಲೆಲ್ಲ ತೋಟ, ಕಣ. ರಾತ್ರಿ ಶೋ ಮುಗಿದ ಮೇಲೆ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಚರ್ಚೆ. ಯಾರು ನಾಮಿನೇಟ್ ಆದರು, ಟಾಸ್ಕ್‌ನಲ್ಲಿ ಯಾರು ಮೋಸ ಮಾಡಿದರು, ಶನಿವಾರ ನಿರೂಪಕ ಸುದೀಪ್ ಯಾರಿಗೆ ಕ್ಲಾಸ್ ತಗೊಳ್ಳಬೇಕು, ಚೆನ್ನಾಗಿ ಆಡಿದವರಿಗೆ ಅವರು ಕೊಡುವ ‘ಕಿಚ್ಚನ ಚಪ್ಪಾಳೆ’ ಯಾರಿಗೆ ಸಿಗಬೇಕು. ಈ ಮಾತುಕತೆ ನನಗೂ ಇಷ್ಟ.

ಬೇಸರವಾಗುವುದು ಫೇಸ್‌ಬುಕ್, ಇನ್‌ಸ್ಟಾಗ್ರಾಂ ಕಾಮೆಂಟುಗಳನ್ನು ಓದಿದಾಗ. ಆಟದ ಮಾತು ಎರಡೇ ಸಾಲಿಗೆ ಮುಗಿದುಹೋಗುತ್ತದೆ. ಆಮೇಲೆ ಬರೀ ಜಾತಿ, ಊರು, ಬಟ್ಟೆ, ಅಪ್ಪ ಅಮ್ಮ. ಮಗಳಿಗೆ ವೋಟ್ ಹಾಕಿ ಅಂತ ತಾಯಿಯೊಬ್ಬರು ಕೈಮುಗಿದು ಕೇಳಿದ ವಿಡಿಯೊ ನೋಡಿದೆ. ಕೆಳಗೆ ಒಬ್ಬ, ‘ಇಂಥವಳನ್ನು ಹೆತ್ತಿದ್ದಕ್ಕೆ ನಾಚಿಕೆ ಆಗಲ್ವಾ’ ಅಂತ ಬರೆದಿದ್ದ. ಅದಕ್ಕೆ ಲೈಕ್ ಬೇರೆ! ಗಂಡಸರು ದನಿ ಏರಿಸಿದರೆ ‘ಬೆಂಕಿ’, ಹೆಣ್ಣುಮಕ್ಕಳು ಏರಿಸಿದರೆ ‘ಸಂಸ್ಕಾರ ಇಲ್ಲ’. ಇದ್ಯಾವ ನ್ಯಾಯ?

ಸ್ಪರ್ಧಿಗಳ ಕೈಯಲ್ಲಿ ಫೋನ್ ಇರುವುದಿಲ್ಲ. ಅವರಿಗೆ ಬೈದದ್ದನ್ನು ಮೊದಲು ಓದುವವರು ಹೊರಗಿರುವ ಮನೆಯವರು. ಬಿಗ್ ಬಾಸ್ ಮನೆಯಲ್ಲಿ ದಿನವಿಡೀ ಕ್ಯಾಮೆರಾ ಓಡುತ್ತದೆ, ಟಿವಿಯಲ್ಲಿ ನಾವು ನೋಡುವುದು ಅದರಲ್ಲಿ ಆರಿಸಿ ಜೋಡಿಸಿದ ಸ್ವಲ್ಪ ಭಾಗ ಮಾತ್ರ. ಪ್ರೋಮೊ, ರೀಲ್ಸ್ ಅಂತೂ ಇನ್ನೂ ಚಿಕ್ಕವು. ಅಷ್ಟನ್ನೇ ನೋಡಿ ಒಬ್ಬರ ಗುಣ ಅಳೆಯುವುದು ಹೇಗೆ?

ನಮ್ಮ ಜಿಲ್ಲೆಯ ಭುವನ್ ಪೊನ್ನಣ್ಣ 4ನೇ ಸೀಸನ್‌ನಲ್ಲಿ, ತನಿಷಾ ಕುಪ್ಪಂಡ 10ನೇ ಸೀಸನ್‌ನಲ್ಲಿ ಆಡಿದರು. ‘ನಮ್ಮ ಕೊಡಗಿನವರು’ ಎಂಬ ಹೆಮ್ಮೆ ತಪ್ಪಲ್ಲ. ಆದರೆ ಆ ಹೆಮ್ಮೆಯಲ್ಲಿ ಬೇರೆ ಜಿಲ್ಲೆಯವರ ಭಾಷೆಯನ್ನು ಆಡಿಕೊಳ್ಳುವುದು ಬೇಡ. ಒಬ್ಬರಿಗೆ ಬೈದರೆ ಅದು ಎಷ್ಟು ಜನಕ್ಕೆ ತಾಗುತ್ತದೆ ಎಂಬುದು ಕೊಡವರಿಗಂತೂ ಬೇಗ ಅರ್ಥವಾಗಬೇಕು. ನಮ್ಮಲ್ಲಿ ಮನೆಹೆಸರು ಒಬ್ಬರದಲ್ಲ, ಇಡೀ ಒಕ್ಕದ್ದು, ಅಂದರೆ ಒಂದೇ ಮೂಲದ ಇಡೀ ಕುಟುಂಬದ್ದು. ಯಾರೋ ಒಬ್ಬರ ಮನೆಹೆಸರು ಹಿಡಿದು ಹೊಲಸಾಗಿ ಬರೆದರೆ, ಅದೇ ಹೆಸರಿಟ್ಟುಕೊಂಡು ಶಾಲೆಗೆ ಹೋಗುವ ಹುಡುಗಿಗೂ ಅದು ತಾಗುತ್ತದೆ.

ಹೆಣ್ಣಿನ ಮಾನಕ್ಕೆ ಕುಂದು ತರುವ ಮಾತಿಗೆ ಭಾರತೀಯ ನ್ಯಾಯ ಸಂಹಿತೆಯ 79ನೇ ಸೆಕ್ಷನ್‌ನಲ್ಲಿ 3 ವರ್ಷದವರೆಗೆ ಜೈಲು ಇದೆ. ಪೊಲೀಸರವರೆಗೆ ಹೋಗುವ ಮೊದಲೇ ಫ್ಯಾನ್ ಪೇಜ್ ನಡೆಸುವವರು ಇಂಥ ಕಾಮೆಂಟುಗಳನ್ನು ಅಳಿಸಬಹುದು, ಬರೆದವರನ್ನು ಬ್ಲಾಕ್ ಮಾಡಬಹುದು. ಚಾನೆಲ್‌ನವರೂ ಪ್ರೋಮೊ ಹಾಕಿ ಸುಮ್ನೆ ಕೂರದೆ, ತಮ್ಮ ಪೇಜಿನ ಕಾಮೆಂಟುಗಳನ್ನು ನೋಡಿಕೊಳ್ಳಲು ಜನರನ್ನು ಇಡಲಿ. ಮುಂದಿನ ಸೀಸನ್ ಶುರುವಾಗುವ ಮೊದಲೇ ಇದಾಗಲಿ ಎಂದು ಕೇಳಿಕೊಳ್ಳುತ್ತೇನೆ.

– ಓದುಗಿ, ಗೋಣಿಕೊಪ್ಪಲು, ಕೊಡಗು