ನಾಯಿಗೆ ಹೊಟ್ಟೆ ಕೆಟ್ಟಾಗ ಹಾಲನ್ನ ಬೇಡ

ಮಾನ್ಯರೇ,

ನಾಯಿಗೆ ವಾಂತಿ-ಭೇದಿಯಾದರೆ ಹಾಲನ್ನ ಕಲಸಿಡುವ ರೂಢಿ ನಮ್ಮಲ್ಲಿದೆ. ಬೆಳೆದ ಎಷ್ಟೋ ನಾಯಿಗಳಿಗೆ ಹಾಲಿನ ಸಕ್ಕರೆ ಅರಗುವುದಿಲ್ಲ. ಭೇದಿ ಇನ್ನೂ ಹೆಚ್ಚುತ್ತದೆ. ಗಟ್ಟಿಮುಟ್ಟಾದ ದೊಡ್ಡ ನಾಯಿ ವಾಂತಿ ಮಾಡಿದರೆ 12 ಗಂಟೆ ಊಟ ನಿಲ್ಲಿಸಿ, ನೀರನ್ನಲ್ಲ. ಬಟ್ಟಲು ತುಂಬ ಇಟ್ಟರೆ ಗಟಗಟ ಕುಡಿದು ಮತ್ತೆ ಕಕ್ಕುತ್ತದೆ, ಹಾಗಾಗಿ ಸ್ವಲ್ಪಸ್ವಲ್ಪವೇ ಇಡಿ. ಆಮೇಲೆ ಎರಡು ಪಾಲು ಮೆತ್ತನೆ ಅನ್ನಕ್ಕೆ ಒಂದು ಪಾಲು ಚರ್ಮ, ಮೂಳೆ ತೆಗೆದು ಬೇಯಿಸಿದ ಕೋಳಿಮಾಂಸ. ಉಪ್ಪು, ಎಣ್ಣೆ, ಈರುಳ್ಳಿ ಬೇಡವೇ ಬೇಡ. ದಿನಕ್ಕೆ ನಾಲ್ಕು ಸಲ ಕೊಂಚಕೊಂಚ ಸಾಕು. ಮನೆಯಲ್ಲಿರುವ ನೋವಿನ ಮಾತ್ರೆಯಂತೂ ಕೊಡಲೇಬಾರದು. ಐಬುಪ್ರೊಫೆನ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತದೆ.

ಮರಿಗಳನ್ನು ಉಪವಾಸ ಕೆಡವಬೇಡಿ. ಲಸಿಕೆಯಾಗದ ಮರಿಗೆ ಗಬ್ಬುನಾರುವ ರಕ್ತಭೇದಿಯಾದರೆ ಪಾರ್ವೊ ಎಂಬ ವೈರಸ್ ರೋಗ ಇರಬಹುದು, ಕೂಡಲೇ ಪಶುವೈದ್ಯರ ಬಳಿ ಒಯ್ಯಿರಿ. ಹೆಗಲ ಮೇಲಿನ ಚರ್ಮ ಎತ್ತಿ ಬಿಟ್ಟಾಗ ತಕ್ಷಣ ಕೂರದಿದ್ದರೆ ಮೈಯಲ್ಲಿ ನೀರು ಬತ್ತಿರಬಹುದು, ಆಗ ದೊಡ್ಡ ನಾಯಿಗೂ ಇದೇ ಮಾತು.

– ಒಬ್ಬ ಪಶುವೈದ್ಯ, ಹಾಸನ